ವಾಡಿಯ ವೈನು, ರಾವೂರಿನ ಹಗೇವು

ಹೋದ ಬೇಸಿಗೆಯಲ್ಲಿ ನನ್ನ ಮೊಮ್ಮಗ ರಾವೂರಿನ ಹಳೆಯ ಮನೆಯ ಅಂಗಳದಲ್ಲಿ ನೀರಿನ ತೊಟ್ಟಿ ಕಟ್ಟಿಸಬೇಕೆಂದು ಆಳುಗಳನ್ನು ಹಚ್ಚಿದ. ಇನ್ನೂ ಎರಡು ಮೊಳ ಅಗೆದಿರಲಿಲ್ಲ, ಒಬ್ಬನ ಹಾರೆ ಫರ್ಸಿಯ ಹಾಸುಗಲ್ಲಿಗೆ ತಾಗಿ ಠಣ್ ಎಂದಿತು. ಕಲ್ಲು ಸರಿಸಿ ನೋಡಿದರೆ ಕೆಳಗೆ ಬರೀ ಕತ್ತಲು. ನಮ್ಮ ಹಗೇವು! ಜೋಳ ತುಂಬಿಡಲು ನೆಲದೊಳಗೆ ತೋಡಿದ, ಬಾಯಿ ಸಣ್ಣದು ಹೊಟ್ಟೆ ದೊಡ್ಡದು ಇರುವ ಗುಂಡಿ. ಅದರ ಬಾಯಿ ಮುಚ್ಚಿಸಿದವನು ನಾನೇ. ಮುಚ್ಚಿಸಿ ಮೂವತ್ತು ವರ್ಷವಾಗಿ, ಎಲ್ಲಿತ್ತು ಎನ್ನುವುದನ್ನೂ ಮರೆತಿದ್ದೆ. ಗೋಡೆಯ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ನನ್ನ ಮೂಗಿಗೆ ಅದರ ಉಸಿರು ಬಂದು ಬಡಿಯಿತು. ಹಸಿ ಮಣ್ಣು, ಕೊಳೆತ ಹುಲ್ಲು, ಮುಗ್ಗಿದ ಜೋಳ. ನನಗೆ ತಿಳಿಯದೆಯೇ ಬಾಯಿಂದ ಮಾತು ಹೊರಟಿತು.

"ಬೂಚು ಕೆಟ್ಟದ. ಈ ಬಾಟ್ಲಿ ಒಯ್ಯಿ, ಬ್ಯಾರೇದು ತಾ."

ಆಳುಗಳು ಮುಖ ಮುಖ ನೋಡಿಕೊಂಡರು. ಮೊಮ್ಮಗ ಓಡಿ ಬಂದ. "ಮುತ್ಯಾ, ಬಿಸಲಿಗೆ ತಲಿ ತಿರಗಲಿಕತ್ತದೇನು? ಒಳಗ ನಡೀರಿ."

ತಲೆ ತಿರುಗಿರಲಿಲ್ಲ. ಐವತ್ತು ವರ್ಷ ಹಿಂದಕ್ಕೆ ಓಡಿತ್ತು, ಅಷ್ಟೇ. ವಾಡಿ ಸ್ಟೇಷನ್ನಿನ ಆ ಒಂದು ಮಳೆಗಾಲಕ್ಕೆ ಓಡಿತ್ತು.

ಹಗೇವಿನ ಬಗ್ಗೆ ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆಗ ನನ್ನ ಅವ್ವ ಎಲ್ಲ ತಾಯಂದಿರ ಹಾಗೆ ಮನೆಯವರದೆಲ್ಲ ಮುಗಿದ ಮೇಲೆ ಉಣ್ಣುವವಳು. ಹಗೇವು ತೆಗೆದ ದಿನ ಮಾತ್ರ ಅವಳು ನಮಗಿಂತ ಮೊದಲು ಉಣ್ಣುತ್ತಿದ್ದಳು. ಹೊಸ ಹಿಟ್ಟಿನ ಬಿಸಿ ರೊಟ್ಟಿಯನ್ನು ಒಬ್ಬಳೇ ಕೂತು ತಿನ್ನುವಳು, ನನಗೂ ಅಕ್ಕನಿಗೂ ನಿನ್ನೆಯ ತಂಗಳು ಹಾಕುವಳು. ಅದು ನಮಗೆ ಭಾರಿ ಸಿಟ್ಟು. "ಅವ್ವಗ ಹೊಸಾ ರೊಟ್ಟಿ ಕಂಡ್ರ ಮಕ್ಕಳು ಕಾಣಂಗಿಲ್ಲ" ಎಂದು ಅಕ್ಕ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು. ಅವ್ವ ನಕ್ಕುಬಿಡುತ್ತಿದ್ದಳು. ಆ ಸಿಟ್ಟನ್ನು ನಾನು ಇಪ್ಪತ್ನಾಲ್ಕು ವರ್ಷದವನಾಗುವವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಆ ವರ್ಷ ನಾನು ಫರ್ಸಿ ಖಣಿಯಲ್ಲಿ ಕಲ್ಲೆಬ್ಬಿಸುವ ಕೆಲಸದಲ್ಲಿದ್ದೆ. ನಿಜಾಮರ ರಾಜ್ಯ, ದೊಡ್ಡ ಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷ ಇತ್ತು. ಚೈತ್ರದಲ್ಲಿ ಒಂದು ಕಲ್ಲು ಜಾರಿ ಎಡಗಾಲಿನ ಎರಡು ಬೆರಳು ಹೋದವು. ಗಾಯ ಮಾಯಿತು, ಭಾರ ಹೊರುವ ಕೆಲಸ ಮಾತ್ರ ಮುಗಿಯಿತು. ಅಪ್ಪ ತೀರಿಹೋಗಿದ್ದ, ಅಕ್ಕ ಗಂಡನ ಮನೆಯಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ಅವ್ವ. ಎರಡು ಗೇಣು ಭೂಮಿ ನಂಬಿ ಕೂರುವ ಹಾಗಿರಲಿಲ್ಲ.

ಆಗ ನನ್ನನ್ನು ಎತ್ತಿದ್ದು ತುಪ್ಪ. ನಗಬೇಡಿ. ನಮ್ಮೂರಲ್ಲಿ ಯಾರ ಮನೆಯ ಮದುವೆಯಿದ್ದರೂ ಪಂಕ್ತಿಗೆ ತುಪ್ಪ ಬಡಿಸಲು ನನ್ನನ್ನೇ ಕರೆಯುತ್ತಿದ್ದರು. ಮಿಳ್ಳೆ ಬಗ್ಗಿಸಿ, ಬೇಕಾದಷ್ಟು ಸುರಿದು, ಕೊನೆಗೆ ಮಣಿಕಟ್ಟನ್ನು ಸ್ವಲ್ಪ ತಿರುವಿದರೆ ಒಂದು ಹನಿಯೂ ನೆಲಕ್ಕೆ ಬೀಳುತ್ತಿರಲಿಲ್ಲ. ಆ ವೈಶಾಖದಲ್ಲಿ ಒಂದು ಮದುವೆಗೆ ವಾಡಿಯಿಂದ ಪಸಕಲ್ ಬಟ್ಲರ್ ಬಂದಿದ್ದ. ಗೋವೆಯ ಕ್ರಿಸ್ತರವನು, ಸ್ಟೇಷನ್ನಿನ ಊಟದ ಕೋಣೆಯಲ್ಲಿ ಮೂವತ್ತು ವರ್ಷದಿಂದ ಇದ್ದವನು. ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದ. ಕುಂಟುತ್ತ ತುಪ್ಪ ಬಡಿಸುತ್ತಿದ್ದ ನನ್ನನ್ನು ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿ, ಕೈ ತೊಳೆದವನೇ ನನ್ನ ಕೈ ಹಿಡಿದುಕೊಂಡ.

"ತಮ್ಮಾ, ಈ ಕೈ ಕಲ್ಲು ಹೊರೂ ಕೈ ಅಲ್ಲ. ನನ್ನ ಜೋಡಿ ಬಾ."

ವಾಡಿಯಲ್ಲಿ ಆ ಕೋಣೆಗೆ ಜನ ಇಟ್ಟ ಹೆಸರು ಗೋರ್ಯಾರ ಖಾನಾವಳಿ, ಅಂದರೆ ಬಿಳಿಯರ ಊಟದ ಮನೆ. ಬೊಂಬಾಯಿ ಮತ್ತು ಮದರಾಸಿನ ಗಾಡಿಗಳಿಂದ ಇಳಿದವರು ಹೈದರಾಬಾದಿಗೆ ಹೋಗಲು ಅಲ್ಲಿ ಗಾಡಿ ಬದಲಾಯಿಸಬೇಕು. ಕರೋಡಗಿರಿಯವರು, ಅಂದರೆ ನಿಜಾಮರ ಸುಂಕದವರು, ಸಾಮಾನು ಬಿಚ್ಚಿ ನೋಡುವವರೆಗೆ ಸಾಹೇಬರಿಗೆ ಒಳ್ಳೆಯ ಊಟ, ಬಿಳಿ ಮೇಜುಬಟ್ಟೆ, ಮೇಲೆ ಜೋಲುವ ಪಂಖ. ಅದನ್ನು ನಡೆಸುತ್ತಿದ್ದವರು ಒಬ್ಬ ಪಾರ್ಸಿ ಸೇಠಜಿ. ಮಾಂಸದ ತಾಟು ಹಿಡಿಯಲು ಬೇರೆಯವರಿದ್ದರು. ನನ್ನ ಪಾಲಿಗೆ ನೀರು, ಚಹಾ, ಮತ್ತು ಪಸಕಲ್ ಮಾಮಾನ ಪಕ್ಕದಲ್ಲಿ ನಿಂತು ಕಲಿಯಬೇಕಾದ ವೈನು.

ವೈನು ಎಂದ ಕೂಡಲೇ ಮನೆಯಲ್ಲಿ ರಂಪವಾಗುತ್ತದೆ ಎಂದುಕೊಂಡಿದ್ದೆ. ನಾವು ಲಿಂಗವಂತರು. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನ ಮಾತು ಕೇಳಿ ಮೊರ ಕೆಳಗಿಟ್ಟಳು.

"ಕೈಲೆ ಹಿಡಿ, ಬ್ಯಾಡ ಅನ್ನಂಗಿಲ್ಲ. ದುಡಿಯೂ ಕೈಗಿ ಮೈಲಿಗಿ ಇಲ್ಲ. ಖರೇ ನಾಲಿಗಿಗಿ ಒಂದು ಹನಿ ಸುದ್ದಾ ಹಚ್ಚಬ್ಯಾಡ. ಲಿಂಗ ಹಿಡದು ಹೇಳು."

ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದು ಹೇಳಿದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನನ್ನದು ಕೈ ಶರಾಬಾದರೂ ಬಾಯಿ ಮಜ್ಜಿಗೆಯಾಗಿಯೇ ಇರಬೇಕಾಗಿತ್ತು. ಅವ್ವ ಮಾತನ್ನಷ್ಟೇ ನಂಬಿ ಕೂರುವ ಹೆಂಗಸಲ್ಲ. ಹದಿನೈದು ದಿನಕ್ಕೊಮ್ಮೆ ಸೋಮವಾರ ರಜೆಯಲ್ಲಿ ಊರಿಗೆ ಹೋದರೆ ಹೊಸ್ತಿಲಲ್ಲೇ ತಡೆದು ನಿಲ್ಲಿಸುವಳು. "ಹಾ ಅನ್ನು" ಅನ್ನುವಳು. ಮೀಸೆ ಬಂದ ಮಗ ಹೊಸ್ತಿಲಲ್ಲಿ ಬಾಯಿ ತೆರೆದು ನಿಲ್ಲಬೇಕು, ಅವಳು ಹತ್ತಿರ ಬಂದು ಮೂಸಬೇಕು. ಓಣಿಯ ಹೆಂಗಸರಿಗೆ ಅದೊಂದು ಪುಕ್ಕಟೆ ತಮಾಷೆ. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಅವಳು "ಹ್ಞೂಂ, ಒಳಗ ಬಾ" ಅಂದಾಗ ಆಗುವ ಸಮಾಧಾನ ಮತ್ತೆಲ್ಲೂ ಸಿಗುತ್ತಿರಲಿಲ್ಲ.

ಮೃಗಶಿರದ ಮಿರಗಾ ಮಳೆ ಬಿದ್ದ ವಾರ ಪಸಕಲ್ ಮಾಮಾ ಪಾಠ ಶುರು ಮಾಡಿದ. ಬೊಂಬಾಯಿಯಿಂದ ಬಾಟಲಿಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಒಂದೊಂದಕ್ಕೂ ಹುಲ್ಲಿನ ಅಂಗಿ. ಖಾಲಿ ಬಾಟಲಿಗೆ ಕೋಕಂ ನೀರು ತುಂಬಿ, ಬಾಯಿಗೆ ಹಳೆಯ ಬೂಚು ಬಡಿದು ಅವನು ನನ್ನ ಮುಂದೆ ಇಡುತ್ತಿದ್ದ. ಮೊದಲು ಬಾಟಲಿಯ ಚೀಟಿಯನ್ನು ಊಟಕ್ಕೆ ಕರೆದ ಮೇಜಿನ ಯಜಮಾನನಿಗೆ ತೋರಿಸಬೇಕು. ಕೊರಳಿಗೆ ಸುತ್ತಿದ ತಗಡನ್ನು ಸುತ್ತ ಕೊಯ್ದು, ಬಾಯಿ ಒರೆಸಬೇಕು. ಬೂಚು ಕೀಳುವ ತಿರುಪನ್ನು ನಟ್ಟ ನಡುವೆ ಊರಿ ತಿರುಗಿಸಬೇಕು. ಪೂರಾ ಇಳಿಸಿದರೆ ತಳ ಒಡೆದು ಬೂಚಿನ ಚೂರು ವೈನಿನಲ್ಲಿ ತೇಲುತ್ತದೆ, ಕಡಿಮೆ ಇಳಿಸಿದರೆ ಅರ್ಧಕ್ಕೇ ಮುರಿಯುತ್ತದೆ. ಕೊನೆಗೆ ಬೂಚು ಸಪ್ಪಳವಿಲ್ಲದೆ ಹೊರಗೆ ಬರಬೇಕು.

"ಟಪ್ ಅಂತಂದ್ರ ಬಟ್ಲರ್ ದಡ್ಡ ಅಂತ ಡಂಗುರ ಸಾರಿದಂಗ" ಅನ್ನುತ್ತಿದ್ದ.

ಮೊದಲ ವಾರ ನಾನು ಸಾರಿದ ಡಂಗುರ ಚಿತ್ತಾಪುರಕ್ಕೂ ಕೇಳಿಸಿರಬೇಕು. ಆಮೇಲೆ ಕೈ ಕೂತಿತು. ಸುರಿಯುವುದಂತೂ ನನಗೆ ಕಲಿಸಬೇಕಾಗಿಯೇ ಇರಲಿಲ್ಲ. ತುಪ್ಪದ ಮಿಳ್ಳೆಯ ಅದೇ ತಿರುವು, ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಬೀಳಲಿಲ್ಲ. ಮಾಮಾ ಅದನ್ನು ನೋಡಿ ಅಡುಗೆಮನೆಯವರನ್ನೆಲ್ಲ ಕರೆದು ತೋರಿಸಿದ.

ದಸರೆ ಮುಗಿದ ಮೇಲೆ ಅವನು ಕೆಲಸ ಬಿಟ್ಟು ಗೋವೆಗೆ, ಮಗಳ ಮನೆಗೆ ಹೋಗುವವನಿದ್ದ. ಅವನ ಜಾಗಕ್ಕೆ ನಾನು ಎಂದು ಸೇಠಜಿಗೆ ಹೇಳಿಯೂ ಇಟ್ಟಿದ್ದ. ಆ ಜಾಗ ಸಿಕ್ಕರೆ ಕಾಯಂ ಕೆಲಸ, ಸ್ಟೇಷನ್ನಿನ ಹಿಂದೆ ಒಂದು ಕೋಣೆ, ಅವ್ವನನ್ನು ಹೊಲದ ಕೂಲಿಯಿಂದ ಬಿಡಿಸುವ ದಾರಿ. ನಾನು ಆಗಲೇ ಆ ಕೋಣೆಯಲ್ಲಿ ಒಲೆ ಎಲ್ಲಿ ಹೂಡಬೇಕು ಎಂಬುದನ್ನು ಕೂಡ ಲೆಕ್ಕ ಹಾಕಿದ್ದೆ.

ಹುಬ್ಬಿ ಮಳೆ ಹಿಡಿದು ಸುರಿಯುತ್ತಿದ್ದ ಒಂದು ಮಧ್ಯಾಹ್ನ ಎಲ್ಲ ಕೆಟ್ಟಿತು. ಮಾಮಾನಿಗೆ ಜ್ವರ. ಬೊಂಬಾಯಿ ಗಾಡಿಯಿಂದ ಬಿಳಿ ಮೀಸೆಯ ಒಬ್ಬ ಇಂಜಿನಿಯರ್ ಸಾಹೇಬ ಇಳಿದ. ಜೊತೆಗೆ ಮೂವರು ಅತಿಥಿಗಳು, ಅದರಲ್ಲಿ ಒಬ್ಬಳು ತಲೆ ಪೂರಾ ನರೆತ ಮುದುಕಿ ಮೇಮ್ ಸಾಹೇಬ. ಕೆಂಪು ವೈನು ಬೇಕು ಎಂದರು. ನಾನೊಬ್ಬನೇ ಹೋದೆ. ಚೀಟಿ ತೋರಿಸಿದೆ. ಬೂಚು ಒಂದಿಷ್ಟೂ ಸಪ್ಪಳವಿಲ್ಲದೆ ಬಂತು. ಇನ್ನು ಮೊದಲು ಯಜಮಾನನ ಗ್ಲಾಸಿಗೆ ಒಂದು ಗುಟುಕು ಹಾಕಬೇಕು, ಅವನು ಕುಡಿದು ಹ್ಞೂಂ ಎಂದ ಮೇಲೆ ಅತಿಥಿಗಳಿಗೆ, ಅದೂ ಅರ್ಧ ಗ್ಲಾಸು. ಮಾಮಾ ಇದನ್ನು ನೂರು ಸಲ ಹೇಳಿದ್ದ.

ನೆನಪಿತ್ತು. ಕೈ ಕೇಳಲಿಲ್ಲ. ಅತಿಥಿಗಳು ಕೂತಿರುವಾಗ ಮನೆಯ ಯಜಮಾನ ಮೊದಲು ಗುಟುಕರಿಸುವುದೆಂದರೇನು? ಮನೆಗೆ ಬಂದ ಹಿರಿಯಳು ಬರೀ ಗ್ಲಾಸು ನೋಡುತ್ತ ಕೂರುವುದೆಂದರೇನು? ಆ ಸಾಹೇಬನ ಮರ್ಯಾದೆ ಕಾಯುವುದು ನನ್ನ ಕರ್ತವ್ಯ ಎನಿಸಿಬಿಟ್ಟಿತು. ನೇರವಾಗಿ ಮುದುಕಿಯ ಹತ್ತಿರ ಹೋಗಿ ಗ್ಲಾಸನ್ನು ಅಂಚಿನವರೆಗೆ ತುಂಬಿದೆ. ಅರ್ಧ ಕೊಟ್ಟರೆ ಜಿಪುಣರ ಮನೆ ಎನ್ನುವುದಿಲ್ಲವೇ? ಆಮೇಲೆ ಉಳಿದ ಇಬ್ಬರಿಗೆ. ಕೊನೆಗೆ, ನಮ್ಮ ಕಡೆಯ ಯಜಮಾನನಿಗೆ ಹೇಗೋ ಹಾಗೆ, ತಳದಲ್ಲಿ ಉಳಿದದ್ದನ್ನು ಸಾಹೇಬನಿಗೆ.

ಅತಿಥಿಗಳು ಒಂದೊಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. ಮುದುಕಿ ಮರ್ಯಾದೆಗೆಂದು ಇನ್ನೊಂದು ಗುಟುಕು ನುಂಗಿ ಕಿಟಕಿಯ ಕಡೆ ನೋಡಿದಳು. ಸಾಹೇಬ ಕುಡಿದ. ಅವನ ಮುಖ ಮೀಸೆಯ ಬುಡದಿಂದ ಹಣೆಯವರೆಗೆ ಕೆಂಪಾಯಿತು. ವೈನು ಕೆಟ್ಟಿತ್ತು.

ಅವನು ಬೈಯಲಿಲ್ಲ. ಸೇಠಜಿಯನ್ನು ಕರೆದು ಮೆತ್ತಗೆ ಏನೋ ಹೇಳಿದ. ಅದೇನೆಂದು ಆಮೇಲೆ ತಿಳಿಯಿತು. ಇವನು ನನ್ನ ಅತಿಥಿಗಳಿಗೆಲ್ಲ ಕೊಳೆತದ್ದನ್ನು ಕುಡಿಸಿ ಕಟ್ಟಕಡೆಗೆ ನನಗೆ ತಿಳಿಸಿದ ಎಂದನಂತೆ. ಸೇಠಜಿ ನನ್ನನ್ನು ಹಿಂದಿನ ವರಾಂಡಕ್ಕೆ ಕರೆದು ಒಂದೇ ಮಾತು ಹೇಳಿದರು. ವೈನು ಕೊಡುವವನು ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ತಾನೇ ರುಚಿ ನೋಡಿ ಹೇಳಬೇಕು. ಪಸಕಲ್ ಹೋಗುವುದರೊಳಗೆ ಕುಡಿದು ಕಲಿತರೆ ಸರಿ, ಇಲ್ಲದಿದ್ದರೆ ಬೊಂಬಾಯಿಯಿಂದ ಕಲಿತ ಬಟ್ಲರನನ್ನು ಕರೆಸುತ್ತೇನೆ, ನೀನು ಊರಿಗೆ ಹೋಗು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೇಗೆ?

ಪಸಕಲ್ ಮಾಮಾ ಜ್ವರದಲ್ಲೇ ಕಂಬಳಿ ಹೊದ್ದು ಅಡುಗೆಮನೆಯ ಬೆಂಚಿನ ಮೇಲೆ ಬಂದು ಕೂತ. ಆ ಕೆಟ್ಟ ಬಾಟಲಿಯನ್ನು ತರಿಸಿಕೊಂಡ.

"ಮಾಮಾ, ಬಂದವರಕಿಂತ ಮದಲ ಯಜಮಾನ ಕುಡೀಬೇಕಂದ್ರ ನನಗ ನಾಚಿಕಿ ಆಯ್ತರಿ. ನಮ್ಮ ಮನ್ಯಾಗ ಹಂಗಿಲ್ಲ" ಎಂದೆ.

"ಹುಚ್ಚಪ್ಪಾ, ಅದು ಕುಡಿಯೂ ಆಶಾಕ ಅಲ್ಲೋ. ಒಳಗ ಏನರ ಕೆಟ್ಟದ್ದಿದ್ರ ಮದಲ ತನಗ ಆಗ್ಲಿ, ನಂಬಿ ಬಂದವರಿಗಿ ಆಗೂದು ಬ್ಯಾಡ ಅಂತ." ಅವನು ಒಂದು ಚಮಚದಲ್ಲಿ ವೈನು ಹಾಕಿ ನನ್ನ ಮುಂದೆ ಹಿಡಿದ. "ಇದರ ರುಚಿ ಒಮ್ಮಿ ನಾಲಿಗಿಗಿ ಬಿತ್ತಂದ್ರ ಸಾಯೂತನ ಮರೆಯಂಗಿಲ್ಲ. ಔಷಧ ಅಂತ ತಿಳಿ. ನಿಮ್ಮವ್ವಗ ನಾ ಹೇಳಂಗಿಲ್ಲ."

ಸುಳ್ಳು ಯಾಕೆ ಹೇಳಲಿ, ಚಮಚ ತೆಗೆದುಕೊಂಡೆ. ಸ್ಟೇಷನ್ನಿನ ಹಿಂದಿನ ಕೋಣೆ, ಅದರಲ್ಲಿ ಅವ್ವನ ಒಲೆ, ಎಲ್ಲ ಕಣ್ಣ ಮುಂದೆ ಬಂತು. ಒಂದು ಚಮಚ. ತುಟಿಯ ಹತ್ತಿರ ತಂದೆ. ತುಟಿಗಿಂತ ಮೂಗು ಮುಂದಿರುತ್ತದಲ್ಲ, ವಾಸನೆ ಮೊದಲು ಬಂತು. ಚಮಚ ಕೆಳಗಿಳಿಸಿದೆ.

"ಈ ವಾಸನಿ ನನಗ ಗೊತ್ತದರಿ ಮಾಮಾ."

"ನಿನಗ ಹ್ಯಾಂಗ ಗೊತ್ತು? ಎಲ್ಲಿ ನೋಡಿದಿ?"

ನೆನಪಾಗಲಿಲ್ಲ. ಆ ಇಡೀ ವಾರ ಮೂಗಿನ ತುದಿಯಲ್ಲಿ ಅದನ್ನು ಇಟ್ಟುಕೊಂಡು ತಿರುಗಿದೆ. ಗೋಡೌನಿನ ಮೂಲೆ ಮೂಸಿದೆ, ಒದ್ದೆ ಗೋಣಿಚೀಲ ಮೂಸಿದೆ, ಒಬ್ಬ ಪೋರ್ಟರನ ನೆನೆದ ರುಮಾಲನ್ನೂ ಮೂಸಿ ಬೈಸಿಕೊಂಡೆ.

ಸೋಮವಾರ ಮಳೆ ಬಿಡುವು ಕೊಟ್ಟಿತ್ತು. ರಾವೂರಿಗೆ ಹೋದೆ. ಹೊಸ್ತಿಲಲ್ಲಿ ಅವ್ವ ಇರಲಿಲ್ಲ, ಅಂಗಳದಲ್ಲಿ ಹಗೇವಿನ ಕಲ್ಲು ಸರಿಸಿ ನಿಂತಿದ್ದಳು. ಒಳಗಿನ ಗಾಳಿ ಹೋಗಲೆಂದು ಮುಂಜಾನೆಯಿಂದ ತೆರೆದಿಟ್ಟು, ದೀಪ ಇಳಿಬಿಟ್ಟು ಆರುವುದಿಲ್ಲ ಎಂದು ನೋಡಿಕೊಂಡಿದ್ದಳು. "ಚಲೋ ವ್ಯಾಳ್ಯಾಕ ಬಂದಿ, ಇಳಿ" ಅಂದಳು. ಹಗ್ಗ ಹಿಡಿದು ಬಗ್ಗಿ ನೋಡಿದೆ. ಗುಂಡಿಯ ಉಸಿರು ಮುಖಕ್ಕೆ ಬಂತು.

ಅದೇ! ಗೋಡೆಗೆ ಹಚ್ಚಿದ ಹುಲ್ಲಿಗೆ ಒಂದು ಕಡೆ ನೀರು ತಾಗಿ ಮುಗ್ಗಿದ ವಾಸನೆ. ಸಾಹೇಬನ ಗ್ಲಾಸಿನಲ್ಲಿ ಇದ್ದದ್ದು ಇದೇ. ಹಗ್ಗ ಬಿಟ್ಟು ಅಲ್ಲೇ ಕೂತು ಹುಚ್ಚನಂತೆ ನಕ್ಕೆ. ಅವ್ವನಿಗೆ ಗಾಬರಿಯಾಗಿ, ಮೊದಲು ಮಾಡಿದ ಕೆಲಸ ನನ್ನ ಬಾಯಿ ಮೂಸಿದ್ದು.

ಎಲ್ಲ ಹೇಳಿದೆ. ಚಮಚದ ಮಾತನ್ನೂ ಮುಚ್ಚಿಡಲಿಲ್ಲ. ಅವಳ ಕಣ್ಣು ಒಮ್ಮೆ ದೊಡ್ಡದಾಗಿ ಆಮೇಲೆ ಸಣ್ಣದಾಯಿತು.

"ನಿಮ್ಮ ಸಾಹೇಬರ ಶರಾಬು ನಮ್ಮ ಹಗೇವಿನಂಗ ನಾರ್ತದೇನು?"

"ಕೆಟ್ಟದ್ದು ಮಾತ್ರ ಅವ್ವಾ."

"ಹಂಗಾದ್ರ ಕುಡಿಯೂದು ಯಾಕ ಬೇಕು? ಜ್ವಾಳಾ ಕೆಟ್ಟದಂತ ತಿಂದು ನೋಡ್ತಾರೇನು ಯಾರರ? ಕುಂದ್ರು ಇಲ್ಲಿ."

ಆ ದಿನ ಇಡೀ ಮಧ್ಯಾಹ್ನ ನಾನು ಇಳಿದು ಬುಟ್ಟಿಯಲ್ಲಿ ಜೋಳ ಮೇಲೆ ಕೊಡುವುದು, ಅವಳು ಹಿಡಿಹಿಡಿಯಾಗಿ ಮೂಸಿ ಒಳ್ಳೆಯದು ಈಚೆ, ಕೆಟ್ಟದ್ದು ಆಚೆ ಹಾಕುವುದು. ಆಮೇಲೆ ನನ್ನನ್ನೂ ಕೂರಿಸಿಕೊಂಡಳು. ಮೊದಲು ಮೂಗಿನಲ್ಲಿದ್ದ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು. ಒಂದೇ ಸಲ ಮೂಸಬೇಕು. ಬೆನ್ನಿಗೇ ಎರಡನೆಯ ಸಲ ಮೂಸಿದರೆ, "ಮೂಗು ಸುಳ್ಳು ಹೇಳ್ಲಿಕ್ಕ ಸುರು ಮಾಡ್ತದ." ನಡುವೆ ತನ್ನ ಮುಂಗೈಯನ್ನೇ ಮೂಸಿಕೊಳ್ಳಬೇಕು, ಆಗ ಮೂಗು ಮನೆಗೆ ಬರುತ್ತದೆ. ಇನ್ನೂ ಅನುಮಾನ ಇದ್ದರೆ ಹಿಡಿ ಕಾಳನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಕೂರಬೇಕು.

"ತಣ್ಣಗಿದ್ದಾಗ ಮುಗ್ಗಲು ಅಡಗಿ ಕುಂದರ್ತದ. ಕೈ ಬಿಸಿಗಿ ತಾನೇ ಹೊರಗ ಬರ್ತದ, ನೋಡು."

ಮುಷ್ಟಿ ಬಿಚ್ಚಿ ಮೂಸಿದೆ. ಬಂದಿತ್ತು. ನಾನು ಸರಿ ಹೇಳಿದಾಗಲೆಲ್ಲ ಅವಳು ನನ್ನ ಬೆನ್ನ ಮೇಲೆ ಗುದ್ದುವಳು. ತಪ್ಪಿದರೆ ನನ್ನ ಅಪ್ಪನ ಮೂಗನ್ನು ಬೈಯುವಳು. ಹೊತ್ತು ಇಳಿಯುವುದರೊಳಗೆ ವಾಡಿಗೆ ಹೊರಟೆ, ರೊಟ್ಟಿಗೂ ನಿಲ್ಲಲಿಲ್ಲ. ಉಡಿಯಲ್ಲಿ ಒಂದು ಹಿಡಿ ಮುಗ್ಗಿದ ಜೋಳ, ಒಂದು ಹಿಡಿ ಒಳ್ಳೆಯ ಜೋಳ.

ಪಸಕಲ್ ಮಾಮಾ ಮೊದಲು ನಂಬಲಿಲ್ಲ. ಆಮೇಲೆ ಆಟದಂತೆ ಶುರು ಮಾಡಿದ. ಮೇಜಿಗೆ ಹೋಗುವ ಪ್ರತಿ ಬಾಟಲಿಯ ಬೂಚನ್ನೂ ನಾನು ಮೂಸಿ ಹೇಳಬೇಕು, ಅವನು ಗುಟುಕರಿಸಿ ನೋಡಬೇಕು. ಅವನಿಗೆ ಈ ಆಟ ಬಹಳ ಹಿಡಿಸಿತು, ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಮೊದಮೊದಲು ತಪ್ಪಿದೆ. ಹೊಸ ಬೂಚಿನ ಕಟ್ಟಿಗೆಯ ವಾಸನೆಗೂ ಮುಗ್ಗಲಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಉತ್ತರಿ ಮಳೆ ಮುಗಿಯುವ ಹೊತ್ತಿಗೆ ತಪ್ಪುವುದು ನಿಂತಿತು. ಸೇಠಜಿಗೆ ಮಾಮಾ ಹೇಳಿ ನೋಡಿದ. ಅವರು ಕನ್ನಡಕದ ಮೇಲಿಂದ ನೋಡಿ, ನಾಯಿಯನ್ನು ಬಟ್ಲರ್ ಮಾಡಿಕೊಂಡರೆ ಸಂಬಳವೂ ಉಳಿಯುತ್ತದೆ ಎಂದರಂತೆ. ಬೊಂಬಾಯಿಯ ಬಟ್ಲರ್ ಬರುವ ದಿನ ಗೊತ್ತಾಗಿತ್ತು.

ದಸರೆಗೆ ನಾಲ್ಕು ದಿನ ಇತ್ತು. ಹಸ್ತದ ಮಳೆ ಹೊಳವಾಗಿ ಬಿಸಿಲು ಚೆಲ್ಲಿದ್ದ ಮಧ್ಯಾಹ್ನ. ಅದೇ ಬಿಳಿ ಮೀಸೆಯ ಸಾಹೇಬ, ಅದೇ ಮುದುಕಿ, ಇನ್ನಿಬ್ಬರು, ಹೈದರಾಬಾದಿನಿಂದ ಬೊಂಬಾಯಿಗೆ ವಾಪಸು ಹೊರಟವರು ಒಳಗೆ ಬಂದರು. ಸೇಠಜಿ ಪಸಕಲ್ ಮಾಮಾನನ್ನು ಕಳಿಸಲು ಹೊರಟರು. ಸಾಹೇಬ ನನ್ನ ಕುಂಟು ನಡಿಗೆಯಿಂದಲೇ ಗುರುತು ಹಿಡಿದು, ಇವನೇ ಬರಲಿ ಎಂದ. ಅವನ ಕಣ್ಣಲ್ಲಿ ತುಂಟತನವಿತ್ತು.

ಬಿಸಿಲಿಗೆಂದು ಒದ್ದೆ ಬಟ್ಟೆ ಸುತ್ತಿ ತಣ್ಣಗಿಟ್ಟಿದ್ದ ಬಾಟಲಿಯ ಚೀಟಿ ತೋರಿಸಿದೆ, ಬೂಚು ತೆಗೆದೆ. ಬೂಚು ಮೂಸಿದರೆ ಏನೂ ಇರಲಿಲ್ಲ. ಅವನ ಗ್ಲಾಸಿಗೆ ಒಂದು ಗುಟುಕು ಹಾಕಿದೆ, ಈ ಸಲ ಕೈ ಮಾತು ಕೇಳಿತು. ಸಾಹೇಬ ಗ್ಲಾಸನ್ನು ಮುಟ್ಟದೆ ಅತಿಥಿಗಳ ಕಡೆ ತಿರುಗಿ ಹಿಂದುಸ್ತಾನಿಯಲ್ಲಿ, ನನಗೂ ತಿಳಿಯಲಿ ಎಂದೇ, ಹೇಳಿದ. ಹೋದ ಸಲ ಇವನು ನನ್ನ ಮಾನ ಕಳೆದ. ಈ ಸಲ ಮೊದಲು ಇವನು ಕುಡಿಯಲಿ, ಆಮೇಲೆ ನಾವು. ಎಲ್ಲರೂ ನಕ್ಕರು. ಗ್ಲಾಸನ್ನು ನನ್ನ ಕಡೆ ಚಾಚಿದ.

ಬಾಗಿಲಲ್ಲಿ ಸೇಠಜಿ. ಅಡುಗೆಮನೆಯ ಪರದೆಯ ಹಿಂದೆ ಮಾಮಾನ ಅರ್ಧ ಮುಖ. ಕೊರಳಲ್ಲಿ ಲಿಂಗ ಅಂಗಿಯ ಒಳಗೆ ಒಮ್ಮೆಲೆ ಭಾರವಾಯಿತು. ಕುಡಿದರೆ ಕೆಲಸ ನನ್ನದು, ಹೊಸ್ತಿಲಲ್ಲಿ ಹಾ ಅನ್ನುವ ಬಾಯಿ ನನ್ನದಲ್ಲ. ಗ್ಲಾಸು ತೆಗೆದುಕೊಂಡೆ. ಉಸಿರನ್ನೆಲ್ಲ ಹೊರಗೆ ಬಿಟ್ಟು ಒಂದೇ ಸಲ ಮೂಸಿದೆ. ಏನೋ ಇದೆ ಅನ್ನಿಸಿತು, ಇಲ್ಲ ಅಂತಲೂ ಅನ್ನಿಸಿತು. ಪಕ್ಕಕ್ಕೆ ತಿರುಗಿ ನನ್ನ ಮುಂಗೈ ಮೂಸಿಕೊಂಡೆ. ಮೇಜಿನಲ್ಲಿ ಮತ್ತೆ ನಗೆ. ಗ್ಲಾಸಿನ ಬುಡವನ್ನು ಅಂಗೈಯಲ್ಲಿ ತುಂಬ ಹಿಡಿದು ನಿಂತೆ. ಇಂಜಿನ್ ನೀರು ಕುಡಿಯುವ ಸಪ್ಪಳ ಹೊರಗೆ ಕೇಳುತ್ತಿತ್ತು. ಮತ್ತೆ ಮೂಸಿದೆ. ನಮ್ಮ ಅಂಗಳ, ಸರಿಸಿದ ಕಲ್ಲು, ತೆಳ್ಳಗೆ ಮುಗ್ಗಲು.

ಹುಜೂರ್, ಇದು ಅತಿಥಿಗಳಿಗೆ ಕೊಡುವಂಥದ್ದಲ್ಲ ಎಂದು ನನ್ನ ಹರಕು ಹಿಂದುಸ್ತಾನಿಯಲ್ಲಿ ಹೇಳಿದೆ. ಕುಡಿಯದೆಯೇ ಹೇಳುತ್ತೀಯಾ ಎಂದ. ನಾನು ಕುಡಿಯುವುದಿಲ್ಲ ಹುಜೂರ್, ತಾಯಿಗೆ ಮಾತು ಕೊಟ್ಟಿದ್ದೇನೆ ಎಂದೆ. ಅವನು ಗ್ಲಾಸು ಕಸಿದುಕೊಂಡಂತೆ ತೆಗೆದುಕೊಂಡು, ಇನ್ನಷ್ಟು ತಣ್ಣನೆಯ ವೈನು ಸುರಿದುಕೊಂಡು ಒಂದು ಗುಟುಕು ಕುಡಿದ. ಚೆನ್ನಾಗಿದೆಯಲ್ಲ! ಸೇಠಜಿ ಎರಡು ಹೆಜ್ಜೆ ಮುಂದೆ ಬಂದರು. ನನ್ನ ಎಡಗಾಲಿನ ಇದ್ದ ಬೆರಳೂ ಇಲ್ಲದ ಬೆರಳೂ ಕೂಡಿಯೇ ನೆಲವನ್ನು ಕಚ್ಚಿ ಹಿಡಿದವು. ನನ್ನ ಮೂಗಿಗೆ ಕಲಿಸಿದವಳು ಯಾರೆಂದು ನನಗೆ ಗೊತ್ತಿತ್ತು.

ಅಂಗೈಯಲ್ಲಿ ಹಿಡಿದು ಸ್ವಲ್ಪ ಬಿಸಿ ಮಾಡಿ ಹುಜೂರ್, ಕೆಟ್ಟದ್ದು ತಣ್ಣಗಿದ್ದಾಗ ಅಡಗಿರುತ್ತದೆ ಎಂದೆ.

ಮುದುಕಿ ಅವನಿಗೆ ಏನೋ ಹೇಳಿದಳು, ಮಾಡಿ ನೋಡು ಎಂದಿರಬೇಕು. ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಆ ಹೊತ್ತು ಎಷ್ಟು ದೊಡ್ಡದಾಗಿತ್ತೆಂದರೆ ನಾನು ಮನಸ್ಸಿನಲ್ಲೇ ಗಂಟು ಕಟ್ಟಿ, ಮಾಮಾನಿಗೆ ಶರಣು ಹೇಳಿ, ರಾವೂರಿನ ಅರ್ಧ ದಾರಿ ನಡೆದುಬಿಟ್ಟಿದ್ದೆ. ಸಾಹೇಬ ಗ್ಲಾಸನ್ನು ಮೂಗಿನ ಹತ್ತಿರ ತಂದ. ಮೀಸೆ ಅಲುಗಿತು. ಇನ್ನೊಮ್ಮೆ ಮೂಸಿ ಮುದುಕಿಗೆ ಕೊಟ್ಟ. ಅವಳು ಮೂಸಿದವಳೇ ಮೂಗು ಮುಚ್ಚಿಕೊಂಡು ಗಹಗಹಿಸಿ ನಕ್ಕಳು. ಸಾಹೇಬ ಒಂದು ಬೆರಳಿನಿಂದ ಬಾಟಲಿಯನ್ನು ನನ್ನ ಕಡೆ ದೂಡಿದ.

ಬೇರೆಯದು ತಂದೆ. ಬೂಚು ತೆಗೆದೆ, ಮೂಸಿದೆ, ಬಿಸಿ ಮಾಡಿ ಮೂಸಿದೆ. ಚೊಕ್ಕಟ. ಯಜಮಾನನಿಗೆ ಒಂದು ಗುಟುಕು, ಆಮೇಲೆ ಮುದುಕಿಗೆ, ಉಳಿದವರಿಗೆ, ಎಲ್ಲ ಅರ್ಧರ್ಧ ಗ್ಲಾಸು. ಮಣಿಕಟ್ಟು ತಿರುವಿದೆ. ಬಟ್ಟೆಯ ಮೇಲೆ ಒಂದು ಚುಕ್ಕೆಯೂ ಇಲ್ಲ.

ಗಾಡಿ ಹೋದ ಮೇಲೆ ಸೇಠಜಿ ನನ್ನನ್ನು ಕರೆದರು. ಕುಡಿಯದ ಬಟ್ಲರ್ ಸಿಕ್ಕರೆ ನನಗೇ ಲಾಭ, ಬಾಟಲಿಗಳು ಉಳಿಯುತ್ತವೆ ಎಂದು ಪಸಕಲ್ ಮಾಮಾನ ಕಡೆ ಓರೆಗಣ್ಣು ಹಾಯಿಸಿದರು. ಬೊಂಬಾಯಿಯವನಿಗೆ ಬರಬೇಡವೆಂದು ತಂತಿ ಹೋಯಿತು. ಮಾಮಾ ಗೋವೆಗೆ ಹೊರಟ ದಿನ, ಹಿಡಿಕೆ ಸವೆದ ತನ್ನ ಬೂಚಿನ ತಿರುಪನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದ. "ಮೂಗು ಜ್ವಾಕಿ ತಮ್ಮಾ, ನೆಗಡಿ ಬಂದ್ರ ನೌಕರಿ ಹೋಯ್ತು" ಅಂದ. ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು.

ಮುಂದಿನ ಸೋಮವಾರ ಊರಿಗೆ ಓಡಿದೆ. ಹೊಸ್ತಿಲಲ್ಲಿ ನಿಂತು ಬಾಯಿ ತೆರೆದೆ. ಅವ್ವ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ಅವ್ವಾ, ಬಾಯಿ ಮೂಸಂಗಿಲ್ಲೇನು?"

"ಆ ಚಮಚಾದ ಮಾತು ನೀನಾಗೇ ಹೇಳಿದಿ. ಇನ್ನ ಬಾಯಿ ಮೂಸಿ ಏನ್ ಮಾಡೂದದ? ಕೈಕಾಲು ತೊಳಕೊಂಡು ಬಾ."

ಕೆಲಸ ಸಿಕ್ಕಿತು, ಕೋಣೆ ಸಿಕ್ಕಿತು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೊಗೆ ಎಂದಳು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಹಗೇವಿನ ತಳದ ಜೋಳ, ಅವತ್ತೇ ಮುಂಜಾನೆ ತೆಗೆದದ್ದು. ಹಸಿದಿದ್ದ ನಾನು ಕೈ ಚಾಚಿದೆ. ಅವಳು ಕೈ ಮೇಲೆ ಹೊಡೆದು ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಳು.

"ನೀ ಸಂಜಿತನ ತಡಿ. ನಿನಗ ತಂಗಳು ಇಟ್ಟೀನಿ."

"ಅವ್ವಾ! ಮೂಸಿ ನೋಡಿಲ್ಲೇನು?"

"ಮೂಸಿನಿ. ಖರೇ ತಳದ ಜ್ವಾಳಾ ಮೂಗಿಗಿ ಸುದ್ದಾ ಮೋಸ ಮಾಡ್ತದ. ಮದಲ ನಾ ಉಂಡು, ಹೊತ್ತು ಮುಣಗೂತನ ನನಗ ಏನೂ ಆಗಲಿಲ್ಲಂದ್ರ ನಿನಗ ಹಾಕ್ತೀನಿ. ಹಗೇವು ತಗದಾಗ ಯಾವತ್ತೂ ಹಂಗೇ ಮಾಡೀನಲ್ಲ, ಹೊಸದೇನು?"

ಹೊಸದೇನೂ ಇರಲಿಲ್ಲ. ಮೊದಲ ಗುಟುಕು ಯಜಮಾನನಿಗೆ ಯಾಕೆ ಎಂದು ಪಸಕಲ್ ಮಾಮಾ ನನಗೆ ಜ್ವರದಲ್ಲಿ ಕೂತು ತಿಳಿಸಿ ಹೇಳಬೇಕಾಗಿ ಬಂದಿತ್ತು. ನಮ್ಮ ಮನೆಯಲ್ಲಿ ಹಾಗಿಲ್ಲ ಎಂದು ನಾನು ಅವನೊಡನೆ ವಾದ ಮಾಡಿದ್ದೆ.

ತಂಗಳಿನ ತಾಟನ್ನು ಪಕ್ಕಕ್ಕೆ ಸರಿಸಿ ಕೂತೆ. ಅವ್ವ ಬಿಸಿ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿಕೊಂಡು, ನನ್ನ ಮುಂದೆ ಒಬ್ಬಳೇ ಊಟ ಮಾಡಿದಳು. ಅವಳು ಪೂರಾ ಉಂಡು ಮುಗಿಸುವವರೆಗೂ ನಾನು ನೋಡುತ್ತ ಕೂತಿದ್ದೆ.